ಆ ಸಿಸ್ಟರ್ ಮತ್ತೆ ಮತ್ತೆ ಹೆಸರು ಕೇಳಿದ್ದು ಯಾಕೆ?

ಪ್ರಶ್ನೆ: ಅಕ್ಕಾ, ನನಗೆ 19 ವರ್ಷ. ಮನೆ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ. ಹೋದ ನವೆಂಬರ್‌ನಲ್ಲಿ ಅಣ್ಣನ ಸ್ಕೂಟರಿನ ಹಿಂದೆ ಕೂತು ಮಂಗಳೂರಿಗೆ ಹೋಗುತ್ತಿದ್ದೆ. ಗಡಿಯ ತಲಪಾಡಿ ದಾಟಿ ಕೋಟೆಕಾರು ಹತ್ತಿರ ಒಂದು ಪಿಕಪ್ ಬಂದು ಗುದ್ದಿತು. ನನ್ನ ಬಲ ತೊಡೆಯ ಎಲುಬು ಮುರಿಯಿತು. ಒಳಗೆ ರಾಡ್ ಹಾಕಿದ್ದಾರೆ. ಅಣ್ಣನಿಗೆ ಕೈ ತರಚಿತು ಅಷ್ಟೆ. ಅವನು ಈಗ ಯಾರ ಹತ್ತಿರವೂ ಜಾಸ್ತಿ ಮಾತಾಡುವುದಿಲ್ಲ. ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ, ಅಂದರೆ ತುರ್ತು ವಿಭಾಗದಲ್ಲಿ, ಒಬ್ಬರು ಸಿಸ್ಟರ್ ನನ್ನ ಪಕ್ಕದಲ್ಲೇ ಇದ್ದರು. "ನಿನ್ನ ಪುದರ್ ದಾದ?" ಎಂದು ತುಳುವಿನಲ್ಲಿ ಮತ್ತೆ ಮತ್ತೆ ಹೆಸರು ಕೇಳಿದರು. ನಾನು ನೀರು ಬೇಡಿದರೆ ಮಾತ್ರ ಕೊಡಲಿಲ್ಲ. ಅವರ ಮುಖ ಈಗಲೂ ಕಣ್ಣ ಮುಂದಿದೆ. ಈಗ 5 ತಿಂಗಳಾಯಿತು. ಸ್ಟಿಕ್ ಇಲ್ಲದೆ ನಡೆಯುತ್ತೇನೆ. ಆದರೆ ಹೈವೇಯಲ್ಲಿ ಬಸ್ಸಿಗೆ ಹತ್ತಲು ಆಗುವುದಿಲ್ಲ, ಮಂಗಳೂರಿಗೆ ರೈಲಿನಲ್ಲೇ ಹೋಗುತ್ತೇನೆ. ಲಾರಿ ಹಾರ್ನ್ ಕೇಳಿದರೆ ಮೈ ನಡುಗುತ್ತದೆ. ರಾತ್ರಿ ಅದೇ ಕನಸು. ಅಮ್ಮ ಮೆಡಿಕಲ್‌ನಿಂದ ನಿದ್ರೆ ಮಾತ್ರೆ ತಂದುಕೊಡುತ್ತಾರೆ. ನನಗೆ ಎಮರ್ಜೆನ್ಸಿ ನರ್ಸ್ ಆಗಬೇಕೆಂದು ತುಂಬಾ ಆಸೆ. ಪ್ಲಸ್ ಟು ಸಯನ್ಸ್ ಆಗಿದೆ, 71 ಶೇಕಡಾ ಇದೆ. ಅಪ್ಪ "ಇದು ಅಪಘಾತದ ಗುಂಗು, ಸುಮ್ನೆ ಟೀಚರ್ ಟ್ರೈನಿಂಗ್ ಮಾಡು" ಅನ್ನುತ್ತಾರೆ. ಹಾರ್ನಿಗೆ ಹೆದರುವವಳು ಕ್ಯಾಶುವಲ್ಟಿಯಲ್ಲಿ ನಿಲ್ಲಲು ಆಗುತ್ತದಾ? ಇದು ನಿಜವಾದ ಆಸೆಯಾ, ಗುಂಗಾ? ಆ ಸಿಸ್ಟರನ್ನು ಒಮ್ಮೆ ಹೋಗಿ ನೋಡಬಹುದಾ?

ಉತ್ತರ:

ನೀನು ಅಕ್ಕಾ ಎಂದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಎಂದೇ ಮಾತಾಡುತ್ತೇನೆ. ನಾನು ಬದಿಯಡ್ಕ ಕಡೆಯವಳು. ಮಂಗಳೂರಿನ ಒಂದು ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ 27 ವರ್ಷ ಕೆಲಸ ಮಾಡಿದೆ. ಈಗ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುತ್ತೇನೆ. ನಿನ್ನ ಪತ್ರದಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಈ ನಡುಕ ಹೋಗುವುದು ಹೇಗೆ ಎನ್ನುವುದು ಒಂದು. ಮುಂದೆ ಏನು ಓದಲಿ ಎನ್ನುವುದು ಇನ್ನೊಂದು. ಅವೆರಡನ್ನೂ ಬಿಡಿಸಿ ಇಡಬೇಕು. ಅದಕ್ಕೆ ಮೊದಲು ಆ ಸಿಸ್ಟರ್ ವಿಷಯ ಹೇಳುತ್ತೇನೆ. ನೀನು ಕೇಳಿದ ಪ್ರಶ್ನೆಯ ಬೇರು ಅಲ್ಲೇ ಇದೆ.

ಅವರು ನಿನ್ನ ಹೆಸರನ್ನು ಒಂದು ಸಲ ಕೇಳಿ ಬರೆದುಕೊಳ್ಳಬಹುದಿತ್ತು. ಮತ್ತೆ ಮತ್ತೆ ಯಾಕೆ ಕೇಳಿದರು? ಹೆಸರು ಹೇಳಬೇಕಾದರೆ ಗಂಟಲಲ್ಲಿ ಏನೂ ಅಡ್ಡ ಇರಬಾರದು. ಮಾತು ಮುಗಿಸುವಷ್ಟು ಉಸಿರು ಇರಬೇಕು. ಮೆದುಳಿಗೆ ರಕ್ತ ಹೋಗುತ್ತಿರಬೇಕು. ನೀನು ಹೆಸರು ಸರಿಯಾಗಿ ಹೇಳಿದ ಆ ಒಂದು ಕ್ಷಣದಲ್ಲಿ ಅವರಿಗೆ ಈ ಮೂರೂ ಗೊತ್ತಾಯಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ನೀನು ತಡವರಿಸಿದ್ದರೆ, ಅಥವಾ ಬೇರೇನೋ ಹೇಳಿದ್ದರೆ, ಅವರು ಆಗಲೇ ಡಾಕ್ಟರನ್ನು ಕೂಗುತ್ತಿದ್ದರು. ಪ್ರಜ್ಞೆ ಎಷ್ಟಿದೆ ಎಂದು ಅಳೆಯಲು ನಮ್ಮಲ್ಲಿ ಗ್ಲಾಸ್ಗೋ ಕೋಮಾ ಸ್ಕೇಲ್ ಎಂಬ ಲೆಕ್ಕ ಇದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಮಾಡುವ ಇಬ್ಬರು ವೈದ್ಯರು 1974ರಲ್ಲಿ ಇದನ್ನು ರೂಪಿಸಿದರು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ, ಮೂರಕ್ಕೂ ಅಂಕ. ತೀರಾ ಕಡಿಮೆ ಎಂದರೆ 3, ಪೂರ್ತಿ ಎಂದರೆ 15. ಅದರಲ್ಲಿ ಮಾತಿಗೆ 5 ಅಂಕ. ಆ 5 ಅಂಕವನ್ನು ಅವರು ನಿನ್ನಿಂದ ತುಳುವಿನಲ್ಲಿ ಪಡೆಯುತ್ತಿದ್ದರು.

ತೊಡೆಯ ಎಲುಬು ಮುರಿದರೆ ಹೊರಗೆ ಒಂದು ಹನಿ ರಕ್ತ ಕಾಣದೆಯೂ ಒಳಗೆ ಒಂದು, ಒಂದೂವರೆ ಲೀಟರ್ ಹೋಗಬಹುದು. ಇದು ಮನೆಯವರಿಗೆ ಗೊತ್ತಿರುವುದಿಲ್ಲ. "ರಕ್ತ ಏನೂ ಬಂದಿಲ್ಲ ಅಲ್ವಾ" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಕ್ಯಾಶುವಲ್ಟಿ ನರ್ಸಿಗೆ ಗೊತ್ತಿರುತ್ತದೆ. ಅದಕ್ಕೇ ಮೊದಲು ನಿನ್ನ ಕೈಗೆ ಡ್ರಿಪ್ ಕೊಡುವ ದಪ್ಪ ಕ್ಯಾನುಲಾ ಹಾಕಿರುತ್ತಾರೆ, ಬಿಪಿ ಪದೇ ಪದೇ ನೋಡಿರುತ್ತಾರೆ. ಪಾದದ ಮೇಲೆ ಎರಡು ಬೆರಳಿಟ್ಟು ಸುಮ್ಮನೆ ನಿಂತದ್ದು ನಿನಗೆ ನೆನಪಿರಬಹುದು. ಕೆಳಗಿನವರೆಗೆ ರಕ್ತ ಓಡುತ್ತಿದೆಯಾ ಎಂದು ನಾಡಿ ಹುಡುಕುತ್ತಿದ್ದರು. ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿ, ಎಲ್ಲ ನೋಡಿ, ಕೂಡಲೇ ಹೊದಿಕೆ ಹೊದಿಸಿರುತ್ತಾರೆ. ಮಾನಕ್ಕಾಗಿಯೂ ಹೌದು. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಅದಕ್ಕಾಗಿಯೂ ಹೌದು.

ನೀರು ಕೊಡದ್ದಕ್ಕೆ ನಿನಗೆ ಇನ್ನೂ ಬೇಸರ ಇದೆ ಎಂದು ಕಾಣುತ್ತದೆ. ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅದು ಎಲುಬು ಮುರಿದದ್ದಕ್ಕಿಂತ ದೊಡ್ಡ ಅಪಾಯ. ಬಾಯಾರಿ ಬೇಡುವ ಹುಡುಗಿಗೆ ಇಲ್ಲ ಅನ್ನುವುದು ನಮಗೆ ಸುಲಭ ಅಲ್ಲ. ಎಷ್ಟು ವರ್ಷ ಆದರೂ ಅದು ಅಭ್ಯಾಸವಾಗುವುದಿಲ್ಲ. ಒದ್ದೆ ಬಟ್ಟೆಯಿಂದ ತುಟಿ ಒರೆಸಿ ಮುಂದೆ ಹೋಗುತ್ತೇವೆ.

ನೀನು ಇದನ್ನೆಲ್ಲ ಪ್ರೀತಿ ಎಂದು ನೆನಪಿಟ್ಟುಕೊಂಡಿದ್ದೀಯ. ಅಲ್ಲಿ ಪ್ರೀತಿಯೂ ಇತ್ತು, ವರ್ಷಗಟ್ಟಲೆ ಕಲಿತ ಕೆಲಸವೂ ಇತ್ತು. ಪ್ರೀತಿ ನಿನ್ನಲ್ಲಿ ಈಗಲೇ ಇದೆ. ಆ ಕೆಲಸವನ್ನು ಕಲಿಯಬೇಕು ಅನ್ನಿಸುತ್ತದಾ? ಮೇಲಿನ ಎರಡು ಪ್ಯಾರಾ ಓದುವಾಗ ನಿನಗೆ ಅಳು ಬಂತಾ, ಇಲ್ಲಾ "ಇನ್ನೂ ಹೇಳಿ" ಅನ್ನಿಸಿತಾ? ಎರಡೂ ಆದರೆ ತಪ್ಪಿಲ್ಲ. ಆದರೆ ಎರಡನೆಯದು ಸ್ವಲ್ಪವಾದರೂ ಆಗಿರಬೇಕು. ಅದನ್ನು ಗಮನಿಸಿಕೋ. ಆಮೇಲೆ ಈ ಮಾತಿಗೆ ವಾಪಸ್ ಬರುತ್ತೇನೆ.

ಈಗ ನಡುಕದ ವಿಷಯ.

ದೊಡ್ಡ ಅಪಘಾತ ಆದವರಲ್ಲಿ ತುಂಬಾ ಜನರಿಗೆ ಮೊದಲ ಕೆಲವು ವಾರ ಹೀಗೆಲ್ಲ ಆಗುತ್ತದೆ. ಕನಸು, ಬೆಚ್ಚಿ ಬೀಳುವುದು, ಆ ಜಾಗದ ಕಡೆ ಹೋಗದಿರುವುದು. ಹೆಚ್ಚಿನವರಿಗೆ ಅದು ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಇಳಿಯದೆ, ದಿನದ ಬದುಕಿಗೆ ಅಡ್ಡ ಬರುತ್ತಿದ್ದರೆ ಅದಕ್ಕೆ ಪಿಟಿಎಸ್‌ಡಿ ಎನ್ನುತ್ತಾರೆ. ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ ಅದು. ನಿನಗೆ ಅದೇ ಇದೆ ಎಂದು ಪತ್ರ ನೋಡಿ ನಾನು ಹೇಳುವಂತಿಲ್ಲ. ಆದರೆ 5 ತಿಂಗಳಾದರೂ ಹೀಗೇ ಇದೆ ಎಂದರೆ ಡಾಕ್ಟರಿಗೆ ತೋರಿಸಲೇಬೇಕು. ಕಾಲಿಗೆ ಎಕ್ಸ್‌ರೇ ಹೇಗೋ ಇದೂ ಹಾಗೆಯೇ. ಮನಸ್ಸು ಗಟ್ಟಿ ಇಲ್ಲದವರಿಗೆ ಮಾತ್ರ ಬರುವಂಥದ್ದಲ್ಲ ಇದು. ಪೊಲೀಸರಿಗೆ ಬರುತ್ತದೆ, ಸೈನಿಕರಿಗೆ ಬರುತ್ತದೆ, ನರ್ಸ್‌ಗಳಿಗೂ ಬರುತ್ತದೆ.

ಹಾರ್ನ್ ಕೇಳಿದಾಗ ಮೈ ನಡುಗುವುದು ಯಾಕೆ ಎಂದರೆ, ಆ ದಿನ ನಿನ್ನ ಮೆದುಳು ಒಂದು ಪಾಠ ಕಲಿತಿದೆ. ಈ ಸದ್ದು ಅಂದರೆ ಸಾವು ಹತ್ತಿರ ಎಂದು. ಆ ಪಾಠವನ್ನು ಅದು ಇನ್ನೂ ಮರೆತಿಲ್ಲ. ನೀನು ಬಸ್ಸು ಬಿಟ್ಟು ರೈಲಿಗೆ ಹೋಗುವಾಗೆಲ್ಲ ಒಂದು ಕ್ಷಣ ಹಾಯೆನಿಸುತ್ತದೆ ಅಲ್ವಾ? ಆ ಹಾಯೆನಿಸುವುದೇ ತೊಂದರೆ. "ನೋಡು, ಹೈವೇ ಬಿಟ್ಟದ್ದಕ್ಕೇ ಬದುಕಿದೆವು" ಎಂದು ಮೆದುಳು ಅದೇ ಪಾಠವನ್ನು ಇನ್ನೊಮ್ಮೆ ಬರೆದುಕೊಳ್ಳುತ್ತದೆ. ಹೆದರಿಕೆ ಹಾಗೆ ಬೆಳೆಯುತ್ತದೆ. ಅದನ್ನು ಇಳಿಸುವ ದಾರಿ ಅಂದರೆ ಸ್ವಲ್ಪ ಸ್ವಲ್ಪವೇ, ನಿನ್ನ ಹಿಡಿತದಲ್ಲಿ, ಆ ಸದ್ದಿನ ಹತ್ತಿರ ಹೋಗಿ ನಿಲ್ಲುವುದು.

ನಿನ್ನ ಊರಿನ ಬಸ್ ಸ್ಟಾಪುಗಳೇ ಇದಕ್ಕೆ ಮೆಟ್ಟಿಲು. ಮೊದಲ ವಾರ ಬಸ್ ಹತ್ತುವುದೇ ಬೇಡ. ಸಂಜೆ ಅಮ್ಮನ ಜೊತೆ ಕುಂಬಳೆ ಸ್ಟಾಪಿನಲ್ಲಿ ಅರ್ಧ ಗಂಟೆ ಕೂತುಕೋ. ಲಾರಿ ಹೋಗಲಿ, ಹಾರ್ನ್ ಆಗಲಿ. ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಏಳಬೇಡ. ಮೂಗಿನಿಂದ ಉಸಿರು ತೆಗೆದುಕೊಂಡು, ಅದಕ್ಕಿಂತ ಉದ್ದವಾಗಿ ಬಾಯಿಯಿಂದ ಬಿಡು. ಹೆದರಿಕೆ ಮೇಲೇರಿ, ಒಂದು ಮಟ್ಟಕ್ಕೆ ಹೋಗಿ, ತಾನೇ ಇಳಿಯಲು ಶುರುವಾಗುತ್ತದೆ. ಅದು ಅರ್ಧಕ್ಕೆ ಇಳಿದ ಮೇಲೆ ಮನೆಗೆ ಹೋಗು. ಹೆದರಿಕೆ ಶಿಖರದಲ್ಲಿ ಇರುವಾಗ ಎದ್ದು ಓಡಿದರೆ ಮಾತ್ರ ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ. ಸ್ಟಾಪಿನಲ್ಲಿ ಕೂರುವುದು ಬೇಸರ ಬರುವಷ್ಟು ಸುಲಭವಾದ ಮೇಲೆ ಲೋಕಲ್ ಬಸ್ಸಿನಲ್ಲಿ ಬಂದ್ಯೋಡಿನವರೆಗೆ ಹೋಗಿ ಬಾ. ಆಮೇಲೆ ಉಪ್ಪಳ. ಆಮೇಲೆ ಹೊಸಂಗಡಿ. ತಲಪಾಡಿ ಮುಟ್ಟಲು ಎರಡು ತಿಂಗಳಾದರೂ ಆಗಲಿ. ಕೋಟೆಕಾರು ಕೊನೆಯದು. ಅದನ್ನು ಒಬ್ಬಳೇ ಮಾಡಬೇಡ, ಕೌನ್ಸೆಲರ್ ಹೇಳಿದ ಮೇಲೆ ಮಾಡು.

ಅಂದ ಹಾಗೆ ಕೌನ್ಸೆಲರ್ ಎಲ್ಲಿ ಸಿಗುತ್ತಾರೆ ಎಂದು ಕೇಳುತ್ತೀಯ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಮಲಯಾಳದಲ್ಲೂ ಮಾತಾಡಬಹುದು. ಮುಖಾಮುಖಿ ಬೇಕಾದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ನಿನ್ನ ಹತ್ತಿರದ ಸಮುದಾಯ ಆರೋಗ್ಯ ಕೇಂದ್ರಕ್ಕೆ ಯಾವ ದಿನ ಬರುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳು. ಹೋದಾಗ ಟ್ರಾಮಾ ಫೋಕಸ್ಡ್ ಸಿಬಿಟಿ, ಅಂದರೆ ಆಘಾತದ ನೆನಪನ್ನು ಮಾತಿನ ಮೂಲಕ ಹಗುರ ಮಾಡುವ ಚಿಕಿತ್ಸೆ, ಸಿಗುತ್ತದಾ ಎಂದು ವಿಚಾರಿಸು. ಸಾಮಾನ್ಯವಾಗಿ 8ರಿಂದ 12 ಸಲ ಕೂರಬೇಕಾಗುತ್ತದೆ. ಕಣ್ಣು ಆಡಿಸುತ್ತಾ ಆ ನೆನಪನ್ನು ಎದುರಿಸುವ ಇಎಂಡಿಆರ್ ಎಂಬ ಇನ್ನೊಂದು ಕ್ರಮವೂ ಇದೆ. ಎರಡಕ್ಕೂ ಒಳ್ಳೆಯ ಆಧಾರ ಇದೆ. ಡಾಕ್ಟರ್ ಸರ್ಟ್ರಾಲಿನ್‌ನಂಥ ಮಾತ್ರೆ ಬರೆದರೆ ಹೆದರಬೇಡ, ಅದು ನಿದ್ರೆ ಮಾತ್ರೆ ಅಲ್ಲ.

ನಿದ್ರೆ ಮಾತ್ರೆ ಅಂದಾಗ ಅಮ್ಮನಿಗೆ ಒಂದು ಮಾತು. ಅಮ್ಮ, ನಿಮ್ಮ ಕಷ್ಟ ಗೊತ್ತು. ಮಗಳು ರಾತ್ರಿ ಕಿರುಚಿದರೆ ಯಾವ ತಾಯಿಗೆ ತಡೆಯಲು ಆಗುತ್ತದೆ? ಆದರೆ ಚೀಟಿ ಇಲ್ಲದೆ ತರುವ ಆ ಮಾತ್ರೆಗಳು ಹೆಚ್ಚಾಗಿ ಆಲ್ಪ್ರಝೋಲಾಮ್ ಜಾತಿಯವು. ಆಘಾತದ ತೊಂದರೆಗೆ ಅವು ಮದ್ದಲ್ಲ, ಅಭ್ಯಾಸ ಹಿಡಿಸುತ್ತವೆ, ಮೆದುಳು ಹೊಸ ಪಾಠ ಕಲಿಯುವುದನ್ನು ತಡೆಯುತ್ತವೆ. ಹಾಗೆಂದು ಕೆಲವು ವಾರಗಳಿಂದ ದಿನಾ ಕೊಡುತ್ತಿದ್ದರೆ ನಾಳೆಯೇ ನಿಲ್ಲಿಸಬೇಡಿ. ಡಾಕ್ಟರಿಗೆ ತೋರಿಸಿ ಮೆಲ್ಲಗೆ ಇಳಿಸಿ. ಮತ್ತೆ ಒಂದು ವಿಷಯ ನೆನಪಿಡಿ. ಬದುಕಿ ಏನು ಪ್ರಯೋಜನ ಎಂಬ ಮಾತು ಮಗಳ ಬಾಯಲ್ಲಿ ಬಂದರೆ ಅದೇ ದಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ. ಮಗನ ಬಾಯಲ್ಲಿ ಬಂದರೂ ಅಷ್ಟೇ.

ಮಗ ಅಂದೆ. ಹೌದು, ನಿನ್ನ ಅಣ್ಣನ ಬಗ್ಗೆ ಪತ್ರದಲ್ಲಿ ಎರಡೇ ಸಾಲು ಇದೆ. ಕೈ ತರಚಿತು, ಈಗ ಮಾತಾಡುವುದಿಲ್ಲ. ನನಗೆ ಇಡೀ ಪತ್ರದಲ್ಲಿ ಜಾಸ್ತಿ ಚಿಂತೆ ಆದದ್ದು ಆ ಎರಡು ಸಾಲಿಗೆ. ಗಾಡಿ ಓಡಿಸಿದವನು ಅವನು. ಎಲುಬು ಮುರಿದದ್ದು ತಂಗಿಗೆ. ಕ್ಯಾಶುವಲ್ಟಿಯ ಹೊರಗಿನ ಬೆಂಚಿನಲ್ಲಿ ಇಂಥ ಎಷ್ಟೋ ಅಣ್ಣಂದಿರನ್ನು ನೋಡಿದ್ದೇನೆ. ಗಾಯ ಇಲ್ಲ, ಆದ್ದರಿಂದ ಯಾರೂ ಅವರನ್ನು ವಿಚಾರಿಸುವುದಿಲ್ಲ. ನಿನಗೆ ಅವನ ಮೇಲೆ ಸಿಟ್ಟು ಇಲ್ಲದಿದ್ದರೆ ಅದನ್ನು ಬಾಯಿಬಿಟ್ಟು ಹೇಳು. ಅವನಿಗೆ ತಾನಾಗಿ ಗೊತ್ತಾಗುವುದಿಲ್ಲ. ಸಿಟ್ಟು ಇದ್ದರೆ ಅದನ್ನೂ ಕೌನ್ಸೆಲರ್ ಹತ್ತಿರ ಹೇಳು. ಬಸ್ ಸ್ಟಾಪಿನಲ್ಲಿ ಕೂರುವಾಗ ಒಮ್ಮೊಮ್ಮೆ ಅವನನ್ನೂ ಕರೆದುಕೊಂಡು ಹೋಗು. 14416 ಅವನಿಗೂ ಇದೆ.

ನಡುವೆ ಒಂದು ಕಾಗದದ ಕೆಲಸ ಹೇಳಿಬಿಡುತ್ತೇನೆ, ಮರೆತರೆ ನಷ್ಟ. ಅಪಘಾತ ಪರಿಹಾರಕ್ಕೆ ಮೋಟಾರು ಅಪಘಾತ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿದ್ದೀರಾ? ಕಾನೂನು ತಿದ್ದುಪಡಿ ಆದ ಮೇಲೆ, 2022ರ ಏಪ್ರಿಲ್‌ನಿಂದ, ಅಪಘಾತ ಆದ 6 ತಿಂಗಳೊಳಗೆ ಹಾಕಬೇಕು. ನಿನಗೆ 5 ಆಗಿದೆ. ಅಪಘಾತ ಕರ್ನಾಟಕದಲ್ಲಿ ಆದದ್ದು, ಮಂಗಳೂರಿಗೇ ಅಲೆಯಬೇಕು ಎಂದು ಕೆಲವರು ಹೇಳಬಹುದು. ಬೇಡ. ಅರ್ಜಿ ಹಾಕುವವರು ವಾಸ ಇರುವ ಜಾಗದ ಟ್ರಿಬ್ಯೂನಲ್‌ನಲ್ಲೂ ಹಾಕಬಹುದು. ಅಂದರೆ ಕಾಸರಗೋಡಿನಲ್ಲೇ. ಎಫ್‌ಐಆರ್ ಪ್ರತಿ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳನ್ನು ಒಟ್ಟುಮಾಡಿ ಈ ವಾರವೇ ವಕೀಲರನ್ನು ನೋಡಿ. ಮಾನಸಿಕ ಚಿಕಿತ್ಸೆಯ ಚೀಟಿಗಳನ್ನೂ ತೆಗೆದಿಡಿ, ಅವೂ ಚಿಕಿತ್ಸೆಯ ಖರ್ಚೇ.

ಈಗ ನಿನ್ನ ದೊಡ್ಡ ಪ್ರಶ್ನೆ. ಗುಂಗಾ, ಆಸೆಯಾ?

ಅಪಘಾತದಿಂದ ಹುಟ್ಟಿದ ಆಸೆ ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಅಮೆರಿಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ಎಲುಬಿನ ಡಾಕ್ಟರ್ ಇದ್ದರು. 1976ರ ಫೆಬ್ರವರಿಯಲ್ಲಿ ಅವರೇ ಓಡಿಸುತ್ತಿದ್ದ ಚಿಕ್ಕ ವಿಮಾನ ನೆಬ್ರಾಸ್ಕಾದ ಹೊಲದಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು. ಮಕ್ಕಳಿಗೆ ತೀವ್ರ ಗಾಯ. ಹಳ್ಳಿಯ ಆಸ್ಪತ್ರೆಯಲ್ಲಿ ಸಿಕ್ಕಿದ ಆರೈಕೆ ನೋಡಿ ಅವರಿಗೆ ತಡೆಯಲಿಲ್ಲ. ಹೊಲದಲ್ಲಿ ನಾನೊಬ್ಬನೇ ಇದಕ್ಕಿಂತ ಚೆನ್ನಾಗಿ ನೋಡಿಕೊಂಡಿದ್ದೆ, ವ್ಯವಸ್ಥೆಯನ್ನೇ ಬದಲಿಸಬೇಕು ಎಂದು ಹೊರಟರು. ಗಾಯಾಳು ಬಂದ ಕೂಡಲೇ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂದು ಕ್ರಮ ಹಾಕಿಕೊಡುವ ಎಟಿಎಲ್‌ಎಸ್ ತರಬೇತಿ 1978ರಲ್ಲಿ ಹಾಗೆ ಶುರುವಾಯಿತು. ಮೊದಲು ಉಸಿರಿನ ದಾರಿ, ಆಮೇಲೆ ಉಸಿರು, ಆಮೇಲೆ ರಕ್ತ ಓಡಾಟ. ನಿನ್ನ ಹೆಸರು ಕೇಳಿದ ಸಿಸ್ಟರ್ ಕೂಡ ಅದೇ ಕ್ರಮದಲ್ಲಿ ಹೋಗುತ್ತಿದ್ದರು.

ಇನ್ನೊಂದು ಮುಖವನ್ನೂ ಹೇಳಬೇಕು. ನನ್ನದೇ ಕಥೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನ ತಮ್ಮ ಬೈಕ್ ಅಪಘಾತದಲ್ಲಿ ಹೋದ. 22 ವರ್ಷ ಅವನಿಗೆ. ಹದಿಮೂರನೇ ದಿನದ ಕಾರ್ಯ ಮುಗಿಸಿ ಹದಿನೈದನೇ ದಿನಕ್ಕೆ ನಾನು ಡ್ಯೂಟಿಗೆ ಬಂದೆ. ಅವನನ್ನು ಉಳಿಸಲು ಆಗಲಿಲ್ಲ, ಬೇರೆಯವರನ್ನಾದರೂ ಉಳಿಸುತ್ತೇನೆ ಎಂಬ ಹಟ. ನಾಲ್ಕನೇ ರಾತ್ರಿ ಒಬ್ಬ ಹುಡುಗನನ್ನು ತಂದರು. ಅದೇ ವಯಸ್ಸು, ತಲೆಗೆ ಪೆಟ್ಟು. ನನ್ನ ಕೈಯಲ್ಲಿ ಡ್ರಿಪ್ ಸೆಟ್ ಇತ್ತು. ಕೈ ಚಲಿಸಲೇ ಇಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಪಕ್ಕದಲ್ಲಿದ್ದ ಬ್ರದರ್, ಅಂದರೆ ಗಂಡು ನರ್ಸ್, ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಹುಡುಗ ಉಳಿದ, ಅವರಿಂದಾಗಿ. ಮರುದಿನ ನಮ್ಮ ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಕೂರಿಸಿ, ಬೈಯದೆ, ಮೂರು ತಿಂಗಳು ಹೆರಿಗೆ ವಾರ್ಡಿಗೆ ಹಾಕಿದರು. ಅಲ್ಲಿ ಅತ್ತೆ, ನಿದ್ರೆ ಮಾಡಿದೆ, ಮನುಷ್ಯಳಾದೆ. ಆಮೇಲೆ ಕ್ಯಾಶುವಲ್ಟಿಗೆ ವಾಪಸ್ ಬಂದು 25 ವರ್ಷ ಅಲ್ಲೇ ಇದ್ದೆ.

ಆದ್ದರಿಂದ ನಿನಗೆ ನೇರವಾಗಿ ಹೇಳುತ್ತೇನೆ. ನಿನ್ನ ಗಾಯ ಮಾಯಲಿ ಎಂದು ನರ್ಸ್ ಆಗಬೇಡ. ಆ ಸಿಸ್ಟರ್ ಋಣ ತೀರಿಸಲು ಎಂದೂ ಆಗಬೇಡ. ಕ್ಯಾಶುವಲ್ಟಿಯ ಮಂಚದಲ್ಲಿ ಮಲಗುವವರು ಅವರ ಕಷ್ಟಕ್ಕೆ ಬಂದಿರುತ್ತಾರೆ. ನಮ್ಮ ಕಷ್ಟ ಗುಣವಾಗುವ ಜಾಗ ಅದಲ್ಲ. ಗಾಯಕ್ಕೆ ಈಗಲೇ ಬೇರೆ ಮದ್ದು ಮಾಡು. ಅದು ಮಾಯುತ್ತಾ ಬಂದ ಮೇಲೂ ಈ ಆಸೆ ಉಳಿದರೆ ಅದು ನಿನ್ನದೇ ಆಸೆ.

ಉಳಿಯುತ್ತದಾ ಎಂದು ನೋಡಲು ನಮ್ಮ ಕೇರಳದಲ್ಲಿ ಒಂದು ಒಳ್ಳೆಯ ದಾರಿ ಇದೆ. ಪಂಚಾಯತಿನ ಪಾಲಿಯೇಟಿವ್ ತಂಡ, ಅಂದರೆ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಆರೈಕೆ ತಂಡ. ನರ್ಸ್ ಜೀಪಿನಲ್ಲಿ ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡುತ್ತಾರೆ. ಸ್ವಯಂಸೇವಕರೂ ಜೊತೆಗೆ ಹೋಗಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ವಾರಕ್ಕೆ ಒಂದು ದಿನ ಅವರ ಜೊತೆ ಹೋಗು. ಒಂದೂವರೆ ತಿಂಗಳು ಸಾಕು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ನರಳುವ ಮಕ್ಕಳ ಮನೆಗಳಿವೆ. 20, 25 ವರ್ಷದಿಂದ ಮಗುವನ್ನು ಎತ್ತಿ ಮಲಗಿಸುತ್ತಿರುವ ತಾಯಂದಿರಿದ್ದಾರೆ. ಅಲ್ಲಿ ಸೈರನ್ ಇಲ್ಲ, ಓಡಾಟ ಇಲ್ಲ. ಬೆನ್ನಿನ ಹುಣ್ಣು ತೊಳೆಯುವುದು, ಮೂತ್ರದ ಚೀಲ ಬದಲಿಸುವುದು, ಅದೇ ಅಜ್ಜನ ಅದೇ ದೂರು ಮತ್ತೆ ಕೇಳುವುದು. ನರ್ಸಿಂಗ್‌ನ ಮುಕ್ಕಾಲು ಪಾಲು ಇದೇ, ಕ್ಯಾಶುವಲ್ಟಿಯಲ್ಲೂ ಇದೇ. ನಾಲ್ಕನೇ ವಾರವೂ ಬೆಳಿಗ್ಗೆ ಎದ್ದು ಹೋಗಲು ಮನಸ್ಸಾದರೆ ಅಪ್ಪನಿಗೆ ಕೊಡಲು ನಿನ್ನ ಹತ್ತಿರ ಉತ್ತರ ಇರುತ್ತದೆ. ಮನಸ್ಸಾಗದಿದ್ದರೆ ಅದೂ ತಿಳಿದ ಹಾಗಾಯಿತು. ಟೀಚರ್ ಆಗುವುದು ಸಣ್ಣ ಕೆಲಸ ಏನಲ್ಲ.

ಹಾರ್ನಿಗೆ ಹೆದರುವವಳು ನಿಲ್ಲಬಲ್ಲಳಾ ಎಂದು ಕೇಳಿದ್ದೀಯ. ಇವತ್ತು ಆಗುವುದಿಲ್ಲ. ಇವತ್ತು ನಿಲ್ಲಬೇಕಾಗಿಯೂ ಇಲ್ಲ. ಬಿಎಸ್ಸಿ ನರ್ಸಿಂಗ್ 4 ವರ್ಷ, 8 ಸೆಮಿಸ್ಟರ್. ಮೊದಲ ವರ್ಷ ನೀನು ಮಾಡುವುದು ಶರೀರಶಾಸ್ತ್ರ, ಬೆಡ್ ಮೇಕಿಂಗ್, ರೋಗಿಗೆ ಮೈ ಒರೆಸುವುದು, ಬಿಪಿ ನೋಡುವುದು. ಕ್ಯಾಶುವಲ್ಟಿಗೆ ಹಾಕುವ ಹೊತ್ತಿಗೆ ನಿನಗೆ ಒಂದು ವರ್ಷಕ್ಕಿಂತ ಹೆಚ್ಚು ಸಿಗುತ್ತದೆ. ಚಿಕಿತ್ಸೆಗೆ ಅದು ಧಾರಾಳ ಸಮಯ. ಆದ್ದರಿಂದ ಒಂದು ವರ್ಷ ಸುಮ್ನೆ ಕಳೆಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಚಿಕಿತ್ಸೆ ಶುರುಮಾಡು, ಪಾಲಿಯೇಟಿವ್‌ಗೆ ಹೋಗು, ಈ ವರ್ಷವೇ ಅರ್ಜಿಯನ್ನೂ ಹಾಕು. ಸೀಟು ಸಿಗುವ ಹೊತ್ತಿಗೆ ನಿನಗೆ ನಿನ್ನ ಮನಸ್ಸು ಗೊತ್ತಾಗಿರುತ್ತದೆ.

ಬಿಎಸ್ಸಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇರಬೇಕು, ಸಾಮಾನ್ಯ ವರ್ಗಕ್ಕೆ ಕನಿಷ್ಠ 45 ಶೇಕಡಾ. ಕೇರಳದ ಸರ್ಕಾರಿ ಮತ್ತು ಮೆರಿಟ್ ಸೀಟುಗಳಿಗೆ ಎಲ್‌ಬಿಎಸ್ ಸೆಂಟರ್ ಮೂಲಕ ಅರ್ಜಿ. 71ಕ್ಕೆ ಸರ್ಕಾರಿ ಸೀಟು ಕಷ್ಟ, ಆದರೂ ಹಾಕು. 3 ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಕೂಡ ಕಡಿಮೆ ಏನಲ್ಲ, ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿಕೊಳ್ಳಬಹುದು. ಮಂಗಳೂರು, ಬೆಂಗಳೂರು ಕಡೆಯ ಖಾಸಗಿ ಕಾಲೇಜಿನ ಏಜೆಂಟರು ನಮ್ಮ ಕಡೆಗೆ ಮನೆ ಬಾಗಿಲಿಗೇ ಬರುತ್ತಾರೆ. ಅವರ ಮಾತಿಗೆ ಅಡ್ವಾನ್ಸ್ ಕೊಡಬೇಡಿ. ಆ ಕಾಲೇಜಿಗೆ ಆ ರಾಜ್ಯದ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ, ಭಾರತೀಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಇದೆಯಾ ಎಂದು ನೀವೇ ನೋಡಿ. ವಿದ್ಯಾರ್ಥಿಗಳಿಗೆ ಕೆಲಸ ಕಲಿಯುವ ಆಸ್ಪತ್ರೆ ಯಾವುದು, ಅದಕ್ಕೆ ರೋಗಿಗಳು ಬರುತ್ತಾರಾ ಎಂದು ಒಂದು ದಿನ ಹೋಗಿ ಕಣ್ಣಾರೆ ನೋಡಿ. ಖಾಲಿ ಆಸ್ಪತ್ರೆಯಲ್ಲಿ ಕಲಿತ ನರ್ಸ್ ಕ್ಯಾಶುವಲ್ಟಿಯಲ್ಲಿ ಪಡುವ ಕಷ್ಟ ನಾನು ನೋಡಿದ್ದೇನೆ. ಮೂಲ ಮಾರ್ಕ್ಸ್ ಕಾರ್ಡ್ ಕಾಲೇಜಿನಲ್ಲಿ ಇಟ್ಟುಕೊಳ್ಳುತ್ತೇವೆ ಅಂದರೆ, ಬಾಂಡ್‌ಗೆ ಸಹಿ ಕೇಳಿದರೆ, ಪೂರ್ತಿ ಓದದೆ ಒಪ್ಪಬೇಡಿ.

ಎಮರ್ಜೆನ್ಸಿಯೇ ಬೇಕು ಎನ್ನುವವರಿಗೆ ಓದಿದ ಮೇಲೂ ದಾರಿ ಇದೆ. ರಿಜಿಸ್ಟ್ರೇಷನ್ ಆಗಿ ಸ್ವಲ್ಪ ಅನುಭವ ಆದ ಮೇಲೆ ಎಮರ್ಜೆನ್ಸಿ ಅಂಡ್ ಡಿಸಾಸ್ಟರ್ ನರ್ಸಿಂಗ್ ಎಂಬ 1 ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಮಾಡಬಹುದು. ಬಿಎಸ್ಸಿ ಆದವರಿಗೆ ಕ್ರಿಟಿಕಲ್ ಕೇರ್‌ನಲ್ಲಿ 2 ವರ್ಷದ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಇದೆ. ಹೃದಯ ನಿಂತವರನ್ನು ಉಳಿಸಲು ಕಲಿಸುವ ಬಿಎಲ್‌ಎಸ್, ಎಸಿಎಲ್‌ಎಸ್ ಸರ್ಟಿಫಿಕೇಟ್ ಮಾಡಿ, 2 ವರ್ಷಕ್ಕೊಮ್ಮೆ ಹೊಸದು ಮಾಡಿಕೊಳ್ಳಬೇಕು.

ಕಾಲಿನ ವಿಷಯ ನಿನ್ನ ಎಲುಬಿನ ಡಾಕ್ಟರೇ ಹೇಳಬೇಕು. ಒಳಗೆ ರಾಡ್ ಇದೆ ಎಂದ ಮಾತ್ರಕ್ಕೆ ನರ್ಸ್ ಆಗಬಾರದು ಎಂದಿಲ್ಲ. ಆದರೆ ಒಂದು ಡ್ಯೂಟಿಯಲ್ಲಿ 6ರಿಂದ 12 ಗಂಟೆ ಕಾಲ ಮೇಲೆ ಇರಬೇಕು, ರೋಗಿಯನ್ನು ಎತ್ತಬೇಕು. ಎಕ್ಸ್‌ರೇಯಲ್ಲಿ ಎಲುಬು ಕೂಡಿದೆ ಎಂದು ತಿಳಿದ ಮೇಲೂ ಫಿಸಿಯೋ ವ್ಯಾಯಾಮ ಬಿಡಬೇಡ. ನೋವು ಹೋದ ಕೂಡಲೇ ಬಿಟ್ಟುಬಿಡುವುದೇ ನಮ್ಮವರ ಅಭ್ಯಾಸ. ತೊಡೆಯ ಮಾಂಸ ಎರಡೂ ಕಡೆ ಒಂದೇ ಸಮ ಆಗುವವರೆಗೆ ಮಾಡು.

ಅಪ್ಪನ ಹತ್ತಿರ ಜಗಳ ಮಾಡಬೇಡ. ಅವರು ಒಮ್ಮೆ ನಿನ್ನನ್ನು ಸ್ಟ್ರೆಚರ್ ಮೇಲೆ ನೋಡಿದ್ದಾರೆ. ಆ ಜಾಗಕ್ಕೆ ನೀನು ದಿನಾ ಹೋಗುತ್ತೀ ಅಂದರೆ ಅವರ ಹೊಟ್ಟೆ ತಳಮಳಿಸುವುದು ಸಹಜ. ಸಂಬಳದ ಚಿಂತೆಯೂ ಇರಬಹುದು, ಅದು ನ್ಯಾಯವೇ. ಖಾಸಗಿ ಆಸ್ಪತ್ರೆಗಳಲ್ಲಿ ಹೊಸ ನರ್ಸ್‌ಗಳಿಗೆ ಕೊಡುವುದು ಕಡಿಮೆ. ಕೇರಳದಲ್ಲಿ ನರ್ಸ್‌ಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಎಂದು ಆದೇಶ ಮಾಡಿತು. ಪಿಎಸ್‌ಸಿ ಮೂಲಕ ಸರ್ಕಾರಿ ಕೆಲಸ ಸಿಕ್ಕಿದರೆ ಮಾತು ಬೇರೆ. ನೈಟ್ ಡ್ಯೂಟಿ ಇದ್ದೇ ಇರುತ್ತದೆ, ಅದನ್ನು ಮುಚ್ಚಿಡಬೇಡ. ಆ ಪಾಲಿಯೇಟಿವ್ ಜೀಪಿಗೆ ಒಂದು ದಿನ ಅಪ್ಪನನ್ನೂ ಹತ್ತಿಸು.

ಭಾಷೆಯ ಬಗ್ಗೆ ನೀನು ಕೇಳಿಲ್ಲ, ಆದರೆ ಹೇಳಲೇಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್‌ಗಾಗಿ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ರೋಗಿಗಳು ಮಂಗಳೂರಿಗೆ ಹೋಗಲಾಗದೆ ಪರದಾಡಿದ್ದು ನಿನಗೆ ನೆನಪಿರಬಹುದು. ನಮ್ಮ ಜಿಲ್ಲೆಯ ಜನ ಎಷ್ಟು ಕಾಲದಿಂದ ಮಂಗಳೂರನ್ನೇ ನಂಬಿದ್ದರು ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡವನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದ್ದು ಆ ಏಪ್ರಿಲ್‌ನಲ್ಲೇ. ಗಡಿಯ ಈ ಕಡೆ ಒಳ್ಳೆಯ ತುರ್ತು ನರ್ಸ್‌ಗಳು ಬೇಕು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಆಡುವ ಜಿಲ್ಲೆ ಇದು. ಪೆಟ್ಟು ಬಿದ್ದು ಅರೆಪ್ರಜ್ಞೆಯಲ್ಲಿ ಇರುವವನು ತನ್ನ ಮನೆ ಮಾತಿಗೆ ಮೊದಲು ಕಣ್ಣು ತೆರೆಯುತ್ತಾನೆ, ಇದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ನಿನಗೆ ಕನ್ನಡ, ತುಳು ಇದೆ. ಮಲಯಾಳ ಓದಲು ಬರೆಯಲು ಬಾರದಿದ್ದರೆ ಈ ರಜೆಯಲ್ಲೇ ಕಲಿ. ಓದುವುದೆಲ್ಲ ಇಂಗ್ಲಿಷಿನಲ್ಲಿ ಇರುತ್ತದೆ. ಮೊದಲ ಮೂರು ತಿಂಗಳು ಪ್ರತಿ ಹೊಸ ಪದವನ್ನು ಒಂದು ಪುಸ್ತಕದಲ್ಲಿ ಬರೆದು ಪಕ್ಕದಲ್ಲಿ ಕನ್ನಡದ ಅರ್ಥ ಬರೆದುಕೋ. ಕನ್ನಡ ಮೀಡಿಯಂನಿಂದ ಬಂದ ನನ್ನ ವಿದ್ಯಾರ್ಥಿಗಳು ಹಾಗೆ ಮಾಡಿ ಮುಂದೆ ಬಂದಿದ್ದಾರೆ.

ಆ ಸಿಸ್ಟರನ್ನು ಖಂಡಿತ ಹೋಗಿ ನೋಡು. ಆದರೆ ಬಸ್ಸಿನಲ್ಲಿ ತಲಪಾಡಿ ದಾಟಲು ಆದ ಮೇಲೆ ಹೋಗು, ಅದಕ್ಕೊಂದು ಗುರಿಯೂ ಆಗುತ್ತದೆ. ಬೆಳಿಗ್ಗೆ 8 ಗಂಟೆಗೆ, ಮಧ್ಯಾಹ್ನ 2 ಗಂಟೆಗೆ ಡ್ಯೂಟಿ ಬದಲಾಗುವ ಹ್ಯಾಂಡೋವರ್ ಇರುತ್ತದೆ, ಆ ಹೊತ್ತು ಬಿಡು. ಮೂರೂವರೆ ಸುಮಾರಿಗೆ ಹೋಗಿ, ಒಳಗೆ ನುಗ್ಗದೆ, ಸೆಕ್ಯೂರಿಟಿ ಹತ್ತಿರ ಹೇಳಿ ಕಳಿಸು. ಅಪಘಾತದ ತಾರೀಕು, ಹೊತ್ತು, ಯಾವ ಕಾಲು ಎಂದು ಹೇಳು. ಅವರಿಗೆ ನಿನ್ನ ಮುಖ ನೆನಪಿಲ್ಲದಿರಬಹುದು. ನಿನ್ನ ನಂತರ ಎಷ್ಟೋ ಜನ ಆ ಮಂಚಕ್ಕೆ ಬಂದಿರುತ್ತಾರೆ, ಬೇಸರ ಮಾಡಬೇಡ. ಸ್ವೀಟ್ ಬಾಕ್ಸ್ ಎಲ್ಲ ಬೇಡ. ಕಾಲು ನೋಡಿ, ನಡೆಯುತ್ತಿದ್ದೇನೆ ಎಂದು ನಾಲ್ಕು ಹೆಜ್ಜೆ ನಡೆದು ತೋರಿಸು. ಕ್ಯಾಶುವಲ್ಟಿಯಿಂದ ವಾರ್ಡಿಗೆ ಹೋದವರು ಆಮೇಲೆ ಏನಾದರು ಎಂದು ನಮಗೆ ಯಾರೂ ಬಂದು ಹೇಳುವುದಿಲ್ಲ. 27 ವರ್ಷದಲ್ಲಿ ನನ್ನ ಹತ್ತಿರ ಹಾಗೆ ನಡೆದು ತೋರಿಸಲು ಬಂದವರು ಐದು ಜನ. ಐದು ಜನರ ಹೆಸರೂ ನನಗೆ ಈಗಲೂ ಬಾಯಲ್ಲಿದೆ.